ಮುಷ್ಟಿಯುದ್ಧದಲ್ಲಿ ಅಧಿಕಾರಿವಿಚಾರ

ನಮ್ಮ ಸಂಘದ ವಾಚನಾಲಯದಲ್ಲಿ ಸಂಜೆಯ ಹೊತ್ತು ಕಲೆಯುವ ತರುಣರ ನಡುವೆ ಕಳೆದ ತಿಂಗಳು ಒಂದು ವಾಗ್ವಾದವು ಹುಟ್ಟಿತು. ಪಶ್ಚಿಮ ದೇಶಗಳಲ್ಲಿ ಹಣಕ್ಕಾಗಿ ನಡೆಯುವ ಮುಷ್ಟಿಯುದ್ಧಗಳಲ್ಲಿ ದೊಡ್ಡ ಪಂದ್ಯವು ಯಾವ ಜಟ್ಟಿಗೆ ಸಲ್ಲತಕ್ಕದ್ದು, ಒಮ್ಮೆ ಸೋತವನಿಗೆ ಮತ್ತೊಂದು ಅವಕಾಶವನ್ನು ಕೊಡಬೇಕೆ ಬೇಡವೆ ಎಂಬುದೇ ಆ ವಾದದ ವಿಷಯ. ಒಬ್ಬನು 'ಗೆದ್ದು ಬಂದವನಿಗೆ ಮಾತ್ರ' ಎಂದನು. ಮತ್ತೊಬ್ಬನು 'ಯಾರನ್ನು ನೋಡಲು ಜನರು ದುಡ್ಡು ಕೊಡುವರೋ ಅವನಿಗೆ' ಎಂದನು. ಮೂರನೆಯವನು 'ನಡತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು' ಎಂದು ಹಟ ಹಿಡಿದನು. ಕೊನೆಗೆ ಮೂಲೆಯಲ್ಲಿ ಪತ್ರಿಕೆಯನ್ನೋದುತ್ತ ಕುಳಿತಿದ್ದ ನನ್ನ ಕಡೆಗೆ ತಿರುಗಿ, 'ಮೇಷ್ಟ್ರೇ, ತಾವು ಶಾಸ್ತ್ರ ಓದಿದವರು, ತಾವೇ ತೀರ್ಪು ಹೇಳಿಬಿಡಿ' ಎಂದು ನಕ್ಕರು. ನಾನೂ ನಕ್ಕು ಎದ್ದು ಬಂದೆನು. ಆದರೆ ಮನೆಗೆ ಬಂದು ಯೋಚಿಸಿದಷ್ಟೂ ಆ ಪ್ರಶ್ನೆಯು ನಗೆಯ ವಿಷಯವಲ್ಲವೆಂದು ತೋರಿತು. ಆ ಯೋಚನೆಯ ಫಲವನ್ನು ವಾಚಕ ಮಹಾಶಯರ ಮುಂದಿಡುತ್ತಿದ್ದೇನೆ.

ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧಗಳೊಡನೆ 'ಅಧಿಕಾರಿ' ಯಾರೆಂಬುದನ್ನೂ ವಿಚಾರ ಮಾಡುವ ಪದ್ಧತಿಯುಂಟು. ಈ ಕಾರ್ಯಕ್ಕೆ ಯೋಗ್ಯನು ಯಾರು, ಆ ಯೋಗ್ಯತೆಯು ಅವನಿಗೆ ಯಾವುದರಿಂದ ಬಂದಿತು ಎಂಬುದೇ ಆ ವಿಚಾರ. ಕಾಳಗದ ವಿಷಯದಲ್ಲಿ ಈ ಪ್ರಶ್ನೆಯನ್ನು ಮಹಾಭಾರತದ ಆದಿಪರ್ವದಲ್ಲಿ ಕೃಪಾಚಾರ್ಯನು ಕೇಳಿದನು. ಹಸ್ತಿನಾವತಿಯ ರಂಗಸ್ಥಳದಲ್ಲಿ ಅರ್ಜುನನು ಮಾಡಿ ತೋರಿಸಿದ ವಿದ್ಯೆಗಳನ್ನೆಲ್ಲ ಕರ್ಣನು ತಾನೂ ಮಾಡಿ ತೋರಿಸಿ ದ್ವಂದ್ವಯುದ್ಧವನ್ನು ಬೇಡಿದಾಗ, ಕೃಪನು ಅವನ ಬಿಲ್ಲನ್ನು ಪರೀಕ್ಷಿಸಲಿಲ್ಲ. ತಾಯಿತಂದೆಗಳಾರು, ಕುಲವಾವುದು ಎಂದು ಕೇಳಿದನು. ಕರ್ಣನು ತಲೆ ತಗ್ಗಿಸಿದನು. ದುರ್ಯೋಧನನು ಅವನಿಗೆ ಅಂಗರಾಜ್ಯವನ್ನು ಕೊಟ್ಟನಾದರೂ ಅಷ್ಟರಲ್ಲಿ ಸೂರ್ಯನು ಮುಳುಗಿದನು. ಅಂದಿನ ಯುದ್ಧವು ನಡೆಯಲೇ ಇಲ್ಲ. ಮುಷ್ಟಿಯುದ್ಧದ ಕಳೆದ ನೂರೈವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಈ ಒಂದು ಸಂಜೆಯ ಕಥೆಯೇ ಮತ್ತೆ ಮತ್ತೆ ನಡೆದಂತೆ ಕಾಣುವುದು.

ಇಂದಿನ ಮುಷ್ಟಿಯುದ್ಧಕ್ಕೆ ತಳಹದಿಯಾದ ಕ್ವೀನ್ಸ್‌ಬರಿ ನಿಯಮಗಳು ಇಂಗ್ಲೆಂಡಿನಲ್ಲಿ ೧೮೬೭ರಲ್ಲಿ ಪ್ರಕಟವಾದುವು. ಕೈಗವಸು, ಮೂರು ಮೂರು ನಿಮಿಷಗಳ ಸುತ್ತುಗಳು, ಬಿದ್ದವನು ಏಳುವುದಕ್ಕೆ ಹತ್ತು ಕ್ಷಣಗಳ ಗಡುವು, ಇವೆಲ್ಲ ಅವುಗಳಿಂದ ಬಂದುವು. ಕಣದೊಳಗೆ ನಡೆಯಬೇಕಾದುದಕ್ಕೆ ಆ ನಿಯಮಗಳಲ್ಲಿ ವಿಧಿಯಿದೆ. ಆದರೆ ಕಣದೊಳಕ್ಕೆ ಯಾರನ್ನು ಬಿಡಬೇಕೆಂಬುದಕ್ಕೆ ಯಾವ ವಿಧಿಯೂ ಇರಲಿಲ್ಲ. ಭಾರಿ ತೂಕದ ವರ್ಗದಲ್ಲಿ ಎಲ್ಲರನ್ನೂ ಗೆದ್ದವನು ಜಗಜ್ಜಟ್ಟಿ ಎನ್ನಿಸಿಕೊಳ್ಳುವನು. ಆ ಪದವಿಯು ಅವನನ್ನು ಕಣದಲ್ಲಿ ಸೋಲಿಸಿದವನಿಗೆ ಸಲ್ಲುವುದು. ಹಾಗಾದರೆ ಅವನು ಯಾರೊಡನೆ ಕಾದಬೇಕು? ಅದನ್ನು ಅವನೇ ನಿಶ್ಚಯಿಸುತ್ತಿದ್ದನು. ಸೋತರೆ ಸರ್ವಸ್ವವನ್ನೂ ಕಳೆದುಕೊಳ್ಳುವವನ ಕೈಯಲ್ಲಿಯೇ ಪರೀಕ್ಷಕರ ನೇಮಕವೂ ಇದ್ದಿತು. ಈ ಕ್ರೀಡೆಯ ಅನ್ಯಾಯಗಳಲ್ಲಿ ಬಹುಭಾಗವು ಈ ಒಂದು ಬೀಜದಿಂದ ಮೊಳೆತುದು.

ನಮ್ಮ ನಾಡಿನ ಹಳೆಯ ಕ್ರಮವು ಬೇರೆಯಾಗಿದ್ದಿತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಅಲ್ಲಿ ಮಲ್ಲರನ್ನು ವರ್ಗಗಳಾಗಿ ವಿಂಗಡಿಸಿ ಅವರ ಆಹಾರವನ್ನೂ ಅಭ್ಯಾಸವನ್ನೂ ಹೇಳಿದೆ. ಅವರ ಕಾಳಗವು ರಾಜನ ಸಮ್ಮುಖದಲ್ಲಿ ನಡೆಯುವುದು. ರಾಜನಲ್ಲಿ ಪಕ್ಷಪಾತವಿರಲಾರದೆಂದು ನಾನು ಹೇಳುವುದಿಲ್ಲ. ಆದರೂ ನೋಡುವವನು ಬೇರೆ, ಸೆಣಸುವವನು ಬೇರೆ ಎಂಬ ಅಂತರವಾದರೂ ಅಲ್ಲಿದ್ದಿತು.

ಅಮೆರಿಕದ ಜಾನ್ ಸಲಿವನ್ನನು ೧೮೮೨ರಿಂದ ೧೮೯೨ರವರೆಗೆ ಜಗಜ್ಜಟ್ಟಿಯಾಗಿದ್ದನು. ಆ ಕಾಲದಲ್ಲಿ ಅವನಿಗೆ ಸರಿಸಮನೆಂದು ಬಲ್ಲವರು ಹೇಳುತ್ತಿದ್ದವನು ಪೀಟರ್ ಜ್ಯಾಕ್ಸನ್. ವೆಸ್ಟ್ ಇಂಡೀಸಿನ ಸೇಂಟ್ ಕ್ರಾಯ್ ದ್ವೀಪದಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಬೆಳೆದ ಕಪ್ಪು ಜನಾಂಗದ ಈತನು ೧೮೮೬ರಲ್ಲಿ ಆ ದೇಶದ ಪ್ರಥಮ ಮಲ್ಲನಾದನು. ತಾನು ಕಪ್ಪು ಜನಾಂಗದವರೊಡನೆ ಕಾದುವುದಿಲ್ಲವೆಂದು ಸಲಿವನ್ನನು ಬಹಿರಂಗವಾಗಿಯೇ ಸಾರಿಬಿಟ್ಟನು. ೧೮೯೧ನೆಯ ಮೇ ೨೧ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜ್ಯಾಕ್ಸನ್ನನು ಜೇಮ್ಸ್ ಕಾರ್ಬೆಟ್ಟನೊಡನೆ ೬೧ ಸುತ್ತುಗಳನ್ನು ಕಾದಿದನು. ನಾಲ್ಕು ಗಂಟೆಗಳ ಹೊತ್ತಿನ ಆ ಹೋರಾಟದ ಕೊನೆಯಲ್ಲಿ ಇಬ್ಬರಿಗೂ ಕೈಯೆತ್ತಲು ತ್ರಾಣವುಳಿಯದೆ, ತೀರ್ಪುಗಾರನು ಗೆಲವನ್ನು ಯಾರಿಗೂ ಕೊಡದೆ ಪಂದ್ಯವನ್ನು ನಿಲ್ಲಿಸಿದನು. ಮುಂದಿನ ವರ್ಷ ಲಂಡನ್ನಿನಲ್ಲಿ ಜ್ಯಾಕ್ಸನ್ನನು ಫ್ರಾಂಕ್ ಸ್ಲ್ಯಾವಿನನನ್ನು ಹತ್ತನೆಯ ಸುತ್ತಿನಲ್ಲಿ ಸೋಲಿಸಿದನು.

ಅದೇ ೧೮೯೨ರ ಸೆಪ್ಟೆಂಬರಿನಲ್ಲಿ ಸಲಿವನ್ನನೆದುರು ಕಣಕ್ಕಿಳಿಯುವ ಭಾಗ್ಯವು ದೊರೆತುದು ಕಾರ್ಬೆಟ್ಟನಿಗೆ. ಅವನು ಗೆದ್ದು ಜಗಜ್ಜಟ್ಟಿಯಾದನು. ೬೧ ಸುತ್ತುಗಳಲ್ಲಿ ಒಬ್ಬರನ್ನೊಬ್ಬರು ಸೋಲಿಸಲಾರದೆ ಹೋದ ಇಬ್ಬರಲ್ಲಿ ಒಬ್ಬನು ಸಿಂಹಾಸನವನ್ನೇರಿದನು. ಇನ್ನೊಬ್ಬನು 'ಅಂಕಲ್ ಟಾಮನ ಕುಟೀರ'ದ ನಾಟಕದಲ್ಲಿ ವೇಷ ಹಾಕಿಕೊಂಡು ಊರೂರು ತಿರುಗಿದನು. ಅವರಿಬ್ಬರ ಮರುಪಂದ್ಯದ ಮಾತುಕತೆಯು ಸ್ಥಳದ ವಿಷಯದಲ್ಲಿ ಮುರಿದುಬಿದ್ದಿತು. ೧೮೯೮ರಲ್ಲಿ, ಯೌವನವೂ ಆರೋಗ್ಯವೂ ಕಳೆದುಹೋದ ಮೇಲೆ, ಜ್ಯಾಕ್ಸನ್ನನು ತರುಣನಾದ ಜೆಫ್ರೀಸನೆದುರು ಮೂರೇ ಸುತ್ತುಗಳಲ್ಲಿ ಸೋತನು. ೧೯೦೧ರಲ್ಲಿ ಕ್ಷಯರೋಗದಿಂದ ಕ್ವೀನ್ಸ್‌ಲೆಂಡಿನ ರೋಮಾ ಎಂಬ ಊರಿನಲ್ಲಿ ತೀರಿಕೊಂಡಾಗ ಅವನಿಗೆ ನಾಲ್ವತ್ತು ವರ್ಷ.

ಈ ಗೋಡೆಯನ್ನು ಮೊದಲು ಒಡೆದವನು ಟೆಕ್ಸಾಸಿನ ಗ್ಯಾಲ್ವೆಸ್ಟನ್ ಊರಿನ ಜ್ಯಾಕ್ ಜಾನ್ಸನ್. ಜಗಜ್ಜಟ್ಟಿಯಾಗಿದ್ದ ಟಾಮಿ ಬರ್ನ್ಸನನ್ನು ಅವನು ಇಂಗ್ಲೆಂಡಿಗೂ ಅಲ್ಲಿಂದ ಆಸ್ಟ್ರೇಲಿಯಕ್ಕೂ ಬೆನ್ನಟ್ಟಿ ಹೋದನು. ತನಗೆ ೩೦,೦೦೦ ಡಾಲರುಗಳನ್ನು ಕೊಟ್ಟರೆ ಕಾದುವೆನೆಂದು ಬರ್ನ್ಸನು ಹೇಳಿದನು. ಹ್ಯೂ ಮ್ಯಾಕಿಂಟಾಷ್ ಎಂಬ ಸಾಹಸಿಯಾದ ವ್ಯಾಪಾರಿಯು ಆ ಹಣವನ್ನು ಒದಗಿಸಿದನು. ವರ್ಣದ ಗೋಡೆಯು ಧರ್ಮಬುದ್ಧಿಯಿಂದ ಒಡೆಯಲಿಲ್ಲ, ಬೆಲೆ ಗೊತ್ತಾದುದರಿಂದ ಒಡೆಯಿತು ಎಂಬುದನ್ನು ಗಮನಿಸಬೇಕು. ೧೯೦೮ನೆಯ ಡಿಸೆಂಬರ್ ೨೬ರಂದು ಸಿಡ್ನಿಯಲ್ಲಿ ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರೇ ನಡುವೆ ಬಂದು ಪಂದ್ಯವನ್ನು ನಿಲ್ಲಿಸಬೇಕಾಯಿತು, ಜಾನ್ಸನ್ನನು ಜಗಜ್ಜಟ್ಟಿಯಾದನು. ಅವನನ್ನಿಳಿಸುವುದಕ್ಕೆಂದು, ನಿವೃತ್ತನಾಗಿದ್ದ ಜೆಫ್ರೀಸನನ್ನು ಹೊಲದಿಂದ ಎಬ್ಬಿಸಿ ತಂದರು. ೧೯೧೦ನೆಯ ಜುಲೈ ೪ರಂದು ರೀನೋ ನಗರದಲ್ಲಿ ಅವನೂ ಸೋತನು. ಅಂದು ಅಮೆರಿಕದ ಅನೇಕ ಪಟ್ಟಣಗಳಲ್ಲಿ ದಂಗೆಗಳೆದ್ದು ಜನರು ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು.

ಇಲ್ಲಿ ಚರಿತ್ರೆಯು ನಮಗೊಂದು ಕಹಿಯಾದ ಪಾಠವನ್ನು ಹೇಳುತ್ತದೆ. ಬಾಗಿಲ ಹೊರಗೆ ಬಹುಕಾಲ ನಿಂತಿದ್ದವನು ಒಳಕ್ಕೆ ಹೋದ ಮೇಲೆ ತನ್ನ ಹಿಂದಿದ್ದವರಿಗಾಗಿ ಬಾಗಿಲನ್ನು ತೆರೆದಿಡುವನೆಂದು ನಾವು ನಿರೀಕ್ಷಿಸುವೆವು. ಜಾನ್ಸನ್ನನು ಹಾಗೆ ಮಾಡಲಿಲ್ಲ. ಕೆನಡಾದ ನೋವಾ ಸ್ಕೋಷಿಯ ಪ್ರಾಂತದ ಸ್ಯಾಮ್ ಲ್ಯಾಂಗ್‌ಫರ್ಡನು ಗಿಡ್ಡ ದೇಹದವನಾದರೂ ತನಗಿಂತ ಬಹು ಭಾರವಾದವರನ್ನು ಕೆಡವುತ್ತಿದ್ದ ಅದ್ಭುತ ಮಲ್ಲ. ೧೯೦೬ರಲ್ಲಿ ಜಾನ್ಸನ್ನನು ಹದಿನೈದು ಸುತ್ತುಗಳಲ್ಲಿ ಅವನನ್ನು ಸೋಲಿಸಿದ್ದನು. ಆದರೆ ತಾನು ಜಗಜ್ಜಟ್ಟಿಯಾದ ಮೇಲೆ ಅವನಿಗೆ ಮರುಪಂದ್ಯವನ್ನು ಕೊಡಲೇ ಇಲ್ಲ. ಆರು ವರ್ಷಗಳಿಗೂ ಮೀರಿದ ಆಳ್ವಿಕೆಯಲ್ಲಿ ಕಪ್ಪು ಜನಾಂಗದವನೊಬ್ಬನಿಗೆ ಪದವಿಯ ಪಂದ್ಯವನ್ನು ಅವನು ಕೊಟ್ಟುದು ಒಂದೇ ಸಲ, ೧೯೧೩ರಲ್ಲಿ ಪ್ಯಾರಿಸ್ ನಗರದಲ್ಲಿ. ಆ ಒಬ್ಬನು ಲ್ಯಾಂಗ್‌ಫರ್ಡನಲ್ಲ. ಕೃಪನ ಪ್ರಶ್ನೆಗೆ ತಲೆ ತಗ್ಗಿಸಿದವನೇ ಕೃಪನ ಪೀಠದಲ್ಲಿ ಕುಳಿತೊಡನೆ ಮತ್ತೊಬ್ಬನನ್ನು ಹೊರಗೆ ನಿಲ್ಲಿಸಿದನು.

ಲ್ಯಾಂಗ್‌ಫರ್ಡನಂಥವರು ತಮ್ಮ ತಮ್ಮಲ್ಲಿಯೇ ಕಾದಾಡುತ್ತ ಕಾಲ ಕಳೆದರು. ಹ್ಯಾರಿ ವಿಲ್ಸ್ ಎಂಬವನೊಡನೆ ಅವನು ಹನ್ನೆರಡಕ್ಕೂ ಹೆಚ್ಚು ಬಾರಿ ಕಾದಿದನು. ಇನ್ನೂರೈವತ್ತಕ್ಕೂ ಮೀರಿದ ಪಂದ್ಯಗಳ ತರುವಾಯ ಲ್ಯಾಂಗ್‌ಫರ್ಡನ ಎರಡು ಕಣ್ಣುಗಳೂ ಹೋದುವು. ೧೯೪೪ರಲ್ಲಿ ಆಲ್ ಲೇನಿ ಎಂಬ ಪತ್ರಿಕಾಲೇಖಕನು ಹುಡುಕಿಕೊಂಡು ಹೋದಾಗ, ಆ ಮಹಾಮಲ್ಲನು ನ್ಯೂಯಾರ್ಕಿನ ಹಾರ್ಲೆಮ್ ಪೇಟೆಯ ಕತ್ತಲೆಯ ಕೋಣೆಯೊಂದರಲ್ಲಿ ಒಬ್ಬನೇ ಇದ್ದನು. ಆ ಲೇಖನವನ್ನೋದಿ ಮರುಗಿದ ಜನರು ನಿಧಿಯೊಂದನ್ನು ಕೂಡಿಸಿ ಅವನ ಕೊನೆಗಾಲಕ್ಕೆ ಆಸರೆ ಮಾಡಿದರು. ದಾನಕ್ಕೆ ಅವನು ಅರ್ಹನೆಂದು ಜಗತ್ತು ಒಪ್ಪಿತು. ಪಂದ್ಯಕ್ಕೆ ಅರ್ಹನೆಂದು ಒಪ್ಪಬೇಕಾಗಿದ್ದ ಕಾಲದಲ್ಲಿ ಒಪ್ಪಲಿಲ್ಲ.

ವಿಲ್ಸನ ಕಥೆಯೂ ಇದೇ ಬಗೆಯದು. ಜ್ಯಾಕ್ ಡೆಂಪ್ಸಿಯು ೧೯೧೯ರಲ್ಲಿ ಜಗಜ್ಜಟ್ಟಿಯಾದ ಮೇಲೆ ಅವನೆದುರು ನಿಲ್ಲತಕ್ಕವನು ವಿಲ್ಸನೇ ಎಂದು ಬಲ್ಲವರು ಹೇಳಿದರು. ೧೯೨೨ರಲ್ಲಿಯೂ ೧೯೨೫ರಲ್ಲಿಯೂ ಕರಾರುಗಳಿಗೆ ರುಜುವಾದುವು. ಪಂದ್ಯವು ಮಾತ್ರ ನಡೆಯಲಿಲ್ಲ. ರೀನೋ ಪಂದ್ಯವನ್ನು ನಡೆಯಿಸಿದ್ದ ಟೆಕ್ಸ್ ರಿಕರ್ಡನೇ ಈಗಲೂ ದೊಡ್ಡ ಪಂದ್ಯಗಳ ವ್ಯವಸ್ಥಾಪಕನಾಗಿದ್ದನು; ಹಳೆಯ ದಂಗೆಗಳು ಮರುಕಳಿಸಿಯಾವೆಂಬ ಭಯವು ಅಡ್ಡ ಬಂದಿತು. ಡೆಂಪ್ಸಿಯು ಮೂರು ವರ್ಷಗಳ ಕಾಲ ಪದವಿಯನ್ನು ಪಣಕ್ಕೇ ಇಡದೆ, ೧೯೨೬ರಲ್ಲಿ ಜೀನ್ ಟನಿಯೊಡನೆ ಕಾದಲು ಒಪ್ಪಿದಾಗ, ಮೊದಲು ವಿಲ್ಸನಿಗೆ ಅವಕಾಶ ಸಲ್ಲಬೇಕೆಂದು ನ್ಯೂಯಾರ್ಕಿನ ಅಧಿಕಾರಿಗಳು ಅನುಮತಿಯನ್ನು ನಿರಾಕರಿಸಿದರು. ಅವರ ನಿಲುವು ಮೆಚ್ಚತಕ್ಕದ್ದೇ. ಆದರೆ ಪಂದ್ಯವು ಫಿಲಡೆಲ್ಫಿಯ ನಗರಕ್ಕೆ ಹೋಯಿತು. ೧,೨೦,೦೦೦ಕ್ಕೂ ಹೆಚ್ಚು ಜನರು ಅದನ್ನು ನೋಡಿದರು. ಒಂದು ಊರಿನ ನ್ಯಾಯವು ಪಕ್ಕದ ಊರಿನ ಗಡಿಯಲ್ಲಿ ಮುಗಿದುಹೋಯಿತು. ಮುಂದಿನ ತಿಂಗಳು, ೩೭ ವರ್ಷ ವಯಸ್ಸಿನ ವಿಲ್ಸನು ಷಾರ್ಕಿ ಎಂಬ ತರುಣನೆದುರು ಸೋತನು. 'ಇವನಿಗೆ ಯೋಗ್ಯತೆಯೇ ಇರಲಿಲ್ಲ ನೋಡಿ' ಎಂದು ಆಡಿಕೊಳ್ಳುವವರಿಗೆ ಅದೊಂದು ನೆಪವಾಯಿತು. ಕಾಲ ಮೀರಿದ ಪರೀಕ್ಷೆಯು ಯೋಗ್ಯತೆಯನ್ನು ಅಳೆಯುವುದಿಲ್ಲ. ಕಾಯಿಸಿದವರ ಅಪರಾಧವನ್ನು ಮುಚ್ಚುವುದಕ್ಕೆ ಮಾತ್ರ ಅದು ಒದಗುವುದು.

ಇನ್ನು ಎರಡನೆಯ ಅವಕಾಶದ ವಿಷಯ. ಇದು ಮೂರು ಬಗೆಯಿಂದ ದೊರೆತಿರುವುದನ್ನು ಕಾಣುತ್ತೇವೆ: ಹೆಸರಿನಿಂದ, ಕರಾರಿನಿಂದ, ಹೊಸ ದುಡಿಮೆಯಿಂದ. ಟನಿಗೆ ಸೋತ ಡೆಂಪ್ಸಿಗೆ ಒಂದೇ ವರ್ಷದಲ್ಲಿ, ೧೯೨೭ರ ಸೆಪ್ಟೆಂಬರಿನಲ್ಲಿ, ಷಿಕಾಗೋ ನಗರದಲ್ಲಿ ಮರುಪಂದ್ಯವು ದೊರೆಯಿತು. ನಡುವೆ ಅವನು ಷಾರ್ಕಿಯನ್ನು ಗೆದ್ದಿದ್ದುದು ನಿಜ. ಆದರೆ ಜನಸ್ತೋಮವನ್ನು ಸೆಳೆದುದು ಅವನ ಹೆಸರು. ಏಳನೆಯ ಸುತ್ತಿನಲ್ಲಿ ಅವನು ಟನಿಯನ್ನು ಕೆಡವಿದನು. ಕೆಡವಿದವನು ದೂರದ ಮೂಲೆಗೆ ಸರಿದ ಮೇಲೆಯೇ ಎಣಿಕೆಯು ಮೊದಲಾಗಬೇಕೆಂಬ ನಿಯಮವನ್ನು ಮರೆತು ಅಲ್ಲಿಯೇ ನಿಂತುದರಿಂದ ಎಣಿಕೆಯು ತಡವಾಯಿತು. ಟನಿಯು ಎದ್ದನು, ಗೆದ್ದನು. ಆ 'ದೀರ್ಘ ಎಣಿಕೆ'ಯ ಬಗ್ಗೆ ಜನರು ಇಂದಿಗೂ ವಾದಿಸುವರು. ವಿಲ್ಸನಿಗೆ ಒಂದು ಎಣಿಕೆಯೂ ದೊರೆಯಲಿಲ್ಲವೆಂಬುದನ್ನು ಕುರಿತು ವಾದಿಸುವವರು ಕಡಮೆ.

ಹೊಸ ದುಡಿಮೆಯಿಂದ ಎರಡನೆಯ ಅವಕಾಶವನ್ನು ಸಂಪಾದಿಸಿದವನು ಜೇಮ್ಸ್ ಬ್ರ್ಯಾಡಕ್. ಕೈ ಮುರಿದು, ಸೋಲಿನ ಮೇಲೆ ಸೋಲುಂಡು, ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಬಂದರಿನಲ್ಲಿ ಕೂಲಿ ಮಾಡಿ, ಸಾಲದುದಕ್ಕೆ ಸರಕಾರದ ಬಡವರ ನೆರವಿನಿಂದ ಹೆಂಡತಿ ಮಕ್ಕಳನ್ನು ಸಾಕುತ್ತಿದ್ದವನು ಅವನು. ೧೯೩೪ರ ಜೂನಿನಲ್ಲಿ, ಎರಡು ದಿನಗಳ ಮುನ್ಸೂಚನೆಯಿಂದ, ಬೇರೆಯವನನ್ನು ಮೆರೆಯಿಸಲು ಏರ್ಪಡಿಸಿದ್ದ ಪಂದ್ಯವೊಂದಕ್ಕೆ ಅವನನ್ನು ಕರೆದರು. ಅದನ್ನು ಗೆದ್ದನು, ಮತ್ತಿಬ್ಬರನ್ನು ಗೆದ್ದನು, ೧೯೩೫ನೆಯ ಜೂನ್ ೧೩ರಂದು ಮ್ಯಾಕ್ಸ್ ಬೇರನನ್ನು ಸೋಲಿಸಿ ಜಗಜ್ಜಟ್ಟಿಯಾದನು. ತಾನು ಪಡೆದಿದ್ದ ನೆರವಿನ ಹಣವನ್ನು ಸರಕಾರಕ್ಕೆ ಹಿಂದಿರುಗಿಸಿದನು. ಈ ಕಥೆಯನ್ನು ಕೇಳಿ ಕಣ್ಣು ತೇವವಾಗದವರಿಲ್ಲ.

ಆದರೆ ಅದರ ಮುಂದಿನ ಅಧ್ಯಾಯವನ್ನೂ ಓದಬೇಕು. ೧೯೩೬ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನು, ಅದುವರೆಗೆ ಸೋಲರಿಯದಿದ್ದ ತರುಣ ಜೋ ಲೂಯಿಯನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದನು. ಬ್ರ್ಯಾಡಕ್ಕನೆದುರು ನಿಲ್ಲುವ ಹಕ್ಕು ಅವನದಾಗಿದ್ದಿತು; ಕರಾರೂ ಆಗಿದ್ದಿತು. ಆದರೆ ಪದವಿಯು ಹಿಟ್ಲರನ ನಾಡಿಗೆ ಹೋದೀತೆಂಬ ಆತಂಕವೊಂದು ಕಡೆ, ಬಹಿಷ್ಕಾರದ ಬೆದರಿಕೆಯೊಂದು ಕಡೆ. ಬ್ರ್ಯಾಡಕ್ಕನ ಕಾರ್ಯಸ್ಥನು ಇನ್ನೂ ಮುಂದೆ ಹೋಗಿ, ಪಂದ್ಯವನ್ನು ಲೂಯಿಗೆ ಕೊಟ್ಟುದರ ಪ್ರತಿಫಲವಾಗಿ, ಮುಂದಿನ ಹತ್ತು ವರ್ಷಗಳ ಜಗಜ್ಜಟ್ಟಿ ಪಂದ್ಯಗಳಿಂದ ವ್ಯವಸ್ಥಾಪಕನಿಗೆ ಬರುವ ಲಾಭದಲ್ಲಿ ಹತ್ತನೆಯ ಒಂದು ಪಾಲನ್ನು ಬರೆಯಿಸಿಕೊಂಡನು. ೧೯೩೭ನೆಯ ಜೂನ್ ೩ರಂದು ಷ್ಮೆಲಿಂಗನು ಕರಾರಿನಂತೆ ಬಂದು ತೂಕ ಕೊಟ್ಟನು. ಎದುರಾಳಿಯು ಬರಲೇ ಇಲ್ಲ. ಅದೇ ತಿಂಗಳು ೨೨ರಂದು ಲೂಯಿಯು ಬ್ರ್ಯಾಡಕ್ಕನನ್ನು ಎಂಟನೆಯ ಸುತ್ತಿನಲ್ಲಿ ಸೋಲಿಸಿ, ಜಾನ್ಸನ್ನನ ಪತನದ ೨೨ ವರ್ಷಗಳ ತರುವಾಯ ಆ ಪದವಿಯನ್ನೇರಿದ ಕಪ್ಪು ಜನಾಂಗದ ಎರಡನೆಯವನಾದನು.

ಇಲ್ಲಿ ನ್ಯಾಯವಾವುದು, ಅನ್ಯಾಯವಾವುದು? ಒಂದು ಜನಾಂಗಕ್ಕೆ ಬಹುಕಾಲದಿಂದ ಸಲ್ಲಬೇಕಾಗಿದ್ದ ಋಣವು ಸಂದಿತು. ಆದರೆ ಅದು ಸಂದುದು ಇನ್ನೊಬ್ಬನ ಹಕ್ಕಿನ ಬುತ್ತಿಯಿಂದ. ಲೂಯಿಯು ಈ ಸೂಕ್ಷ್ಮವನ್ನು ಅರಿತಿದ್ದನು. ಷ್ಮೆಲಿಂಗನನ್ನು ಗೆಲ್ಲುವವರೆಗೂ ತನ್ನ ಪದವಿಯು ಪೂರ್ಣವಲ್ಲವೆಂದು ಅವನು ತಿಳಿದಿದ್ದನು. ಮರುವರ್ಷ ಅದೇ ಜೂನ್ ೨೨ರಂದು ನ್ಯೂಯಾರ್ಕಿನ ಯಾಂಕೀ ಮೈದಾನದಲ್ಲಿ ಅವನು ಷ್ಮೆಲಿಂಗನನ್ನು ಕರೆದು ಮೊದಲನೆಯ ಸುತ್ತಿನಲ್ಲಿಯೇ, ೧೨೪ ಕ್ಷಣಗಳಲ್ಲಿ, ಕೆಡವಿದನು. ತನ್ನನ್ನು ಸೋಲಿಸಿದವನನ್ನು ತಾನಾಗಿ ಕಣಕ್ಕೆ ಕರೆದುದರಲ್ಲಿಯೇ ಲೂಯಿಯ ದೊಡ್ಡತನವಿದೆ. ಆ ವೇಗವಾದ ಗೆಲವು ಅದರ ಮುಂದೆ ಚಿಕ್ಕದು.

ನಡತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದ ನಮ್ಮ ಮೂರನೆಯ ತರುಣನಿಗೆ ಸನಿ ಲಿಸ್ಟನ್ನನ ಕಥೆಯನ್ನು ಹೇಳಬೇಕು. ದರೋಡೆಗಾಗಿ ಮಿಸ್ಸೂರಿ ಪ್ರಾಂತದ ಸೆರೆಮನೆ ಸೇರಿದ್ದ ಅವನು ಮುಷ್ಟಿವಿದ್ಯೆಯನ್ನು ಕಲಿತುದು ಅಲ್ಲಿಯೇ, ಪಾದ್ರಿಯೊಬ್ಬರ ಪ್ರೋತ್ಸಾಹದಿಂದ. ೧೯೬೦ರ ಹೊತ್ತಿಗೆ ಮುಂಚೂಣಿಯ ಮಲ್ಲರಲ್ಲಿ ಹಲವರನ್ನು ಕೆಡವಿದ್ದನು. ಆದರೆ ಅವನ ಹಿಂದೆ ಪಾತಕಿಗಳ ಕೂಟವಿದ್ದಿತು. ಅಂಥವನಿಗೆ ಪದವಿಯ ಪಂದ್ಯವನ್ನು ಕೊಡಬಾರದೆಂದು ದೊಡ್ಡ ದೊಡ್ಡವರು ಹೇಳಿದರು. ನ್ಯೂಯಾರ್ಕು ಅವನಿಗೆ ಅನುಮತಿಯನ್ನು ಕೊಡಲಿಲ್ಲ. ಆಗ ಜಗಜ್ಜಟ್ಟಿಯಾಗಿದ್ದವನು ಫ್ಲಾಯ್ಡ್ ಪ್ಯಾಟರ್ಸನ್. ೧೯೫೯ರಲ್ಲಿ ಸ್ವೀಡನ್ನಿನ ಯೋಹಾನ್ಸನ್ನನಿಗೆ ಸೋತು, ಕರಾರಿನ ಬಲದಿಂದ ಮರುಪಂದ್ಯವನ್ನು ಪಡೆದು, ೧೯೬೦ರಲ್ಲಿ ಗೆದ್ದು, ಕಳೆದುಕೊಂಡ ಪದವಿಯನ್ನು ಮರಳಿ ಪಡೆದ ಮೊದಲನೆಯ ಜಗಜ್ಜಟ್ಟಿ ಅವನು. ಎರಡನೆಯ ಅವಕಾಶದ ಬೆಲೆಯನ್ನು ಬಲ್ಲವನು. ತನ್ನ ಗುರುವಿನ ವಿರೋಧವಿದ್ದರೂ ಅವನು ಲಿಸ್ಟನ್ನನಿಗೆ ಕಣವನ್ನು ಬಿಟ್ಟುಕೊಟ್ಟನು. ೧೯೬೨ರ ಸೆಪ್ಟೆಂಬರಿನಲ್ಲಿ ಒಂದೇ ಸುತ್ತಿನಲ್ಲಿ ಸೋತನು. ಮರುವರ್ಷದ ಮರುಪಂದ್ಯದಲ್ಲಿಯೂ ಒಂದೇ ಸುತ್ತು. ಲೋಕವು ಪ್ಯಾಟರ್ಸನ್ನನನ್ನು ಮೂರ್ಖನೆಂದಿತು. ನನಗೆ ಹಾಗೆ ತೋರುವುದಿಲ್ಲ. ಸೆರೆಮನೆಯ ಶಿಕ್ಷೆಯನ್ನು ಅನುಭವಿಸಿ ಮುಗಿಸಿದವನಿಗೆ ಕಣದಲ್ಲಿಯೂ ಇನ್ನೊಂದು ಶಿಕ್ಷೆಯನ್ನು ವಿಧಿಸುವುದು ಧರ್ಮವಲ್ಲ. ಆದರೆ ಕರಾರಿನಿಂದ ಮಾತ್ರ ಬಂದ ಮರುಪಂದ್ಯವು ಸೋತವನಿಗೆ ಉಪಕಾರವೂ ಅಲ್ಲವೆಂಬುದನ್ನು ಅವನ ಎರಡನೆಯ ಸೋಲು ತೋರಿಸುತ್ತದೆ.

ಇಂದು ನಾಲ್ಕು ಸಂಸ್ಥೆಗಳು ಬೇರೆ ಬೇರೆ ಪಟ್ಟಗಳನ್ನು ಕೊಡುತ್ತಿವೆ. ಇಂಥವನೊಡನೆ ಕಾದಲೇಬೇಕೆಂದು ಅವು ವಿಧಿಸಬಲ್ಲವು, ತಪ್ಪಿದವನ ಪಟ್ಟವನ್ನು ಕಿತ್ತುಕೊಳ್ಳಬಲ್ಲವು. ಬೀಜದೋಷವು ಇದರಿಂದ ನೀಗಿತೆಂದು ತೋರಬಹುದು. ಆದರೆ ೧೯೯೨ರಲ್ಲಿ ರಿಡಿಕ್ ಬೋ ಎಂಬ ಜಗಜ್ಜಟ್ಟಿಯು, ೧೯೮೮ರ ಸೋಲ್ ಒಲಿಂಪಿಕ್ಸಿನಲ್ಲಿ ತನ್ನನ್ನು ಸೋಲಿಸಿದ್ದ ಲೆನಕ್ಸ್ ಲೂಯಿಸನೊಡನೆ ಕಾದುವುದಕ್ಕೆ ಬದಲಾಗಿ, ಒಂದು ಸಂಸ್ಥೆಯ ಪಟ್ಟವನ್ನೇ ಲಂಡನ್ನಿನಲ್ಲಿ ಕಸದ ಬುಟ್ಟಿಗೆ ಹಾಕಿಬಿಟ್ಟನು. ಪಟ್ಟಗಳು ನಾಲ್ಕಾದರೆ ಒಂದನ್ನು ಎಸೆಯುವುದು ಸುಲಭ. ಆ ಇಬ್ಬರು ವೃತ್ತಿಕಣದಲ್ಲಿ ಎಂದಿಗೂ ಕಾದಲಿಲ್ಲ.

ನಿಯಮಗಳಿಗೆ ಸಿಕ್ಕದ ಉದಾಹರಣೆಯೂ ಒಂದಿದೆ. ೧೯೭೪ರಲ್ಲಿ ಕಿನ್ಷಾಸಾ ನಗರದಲ್ಲಿ ಮುಹಮ್ಮದ್ ಅಲಿಗೆ ಪದವಿಯನ್ನು ಒಪ್ಪಿಸಿದ ಜಾರ್ಜ್ ಫೋರ್ಮನ್ನನು ಕಣವನ್ನು ಬಿಟ್ಟು ಧರ್ಮಬೋಧಕನಾಗಿ, ಹತ್ತು ವರ್ಷಗಳ ಮೇಲೆ ಹಿಂದಿರುಗಿದನು. ೧೯೯೩ರಲ್ಲಿ ಸೋತಿದ್ದರೂ ಮರುವರ್ಷ ಅವನಿಗೆ ಪದವಿಯ ಪಂದ್ಯವು ದೊರೆತಾಗ, ಇದು ಅನ್ಯಾಯವೆಂದು ಅನೇಕರು ಗೊಣಗಿದರು. ವಯಸ್ಸಿನ ಕಾರಣದಿಂದ ಸಂಸ್ಥೆಯೊಂದು ಒಪ್ಪದಿರಲು ಅವನು ನ್ಯಾಯಾಲಯಕ್ಕೆ ಹೋಗಬೇಕಾಯಿತು. ನವೆಂಬರ್ ೫ರಂದು, ೪೫ನೆಯ ವಯಸ್ಸಿನಲ್ಲಿ, ಅವನು ಮೈಕೇಲ್ ಮೂರರನನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿದನು. ನಮ್ಮ ಲೆಕ್ಕಾಚಾರಗಳು ಎಷ್ಟು ಸರಿಯಾಗಿದ್ದರೂ ಮನುಷ್ಯನೊಳಗೆ ಉಳಿದಿರುವುದನ್ನು ಅವು ಪೂರ್ತಿಯಾಗಿ ಅಳೆಯಲಾರವು.

ಈ ಮಾತನ್ನು ಬರೆಯುವಾಗ ನನ್ನದೇ ಒಂದು ತಪ್ಪು ಕಣ್ಣ ಮುಂದೆ ಬರುತ್ತದೆ. ನಾನು ಹೊಸದಾಗಿ ಉಪಾಧ್ಯಾಯನಾಗಿದ್ದಾಗ ಶ್ಲೋಕಪಠನದ ಸ್ಪರ್ಧೆಗೆ ಒಬ್ಬ ಹುಡುಗನನ್ನು ಕಳುಹಿಸಿದೆನು. ಉಚ್ಚಾರವು ನಿರ್ದುಷ್ಟ, ಕಂಠವು ಗಂಭೀರ. ಆದರೆ ವೇದಿಕೆಯ ಮೇಲೆ ನಡುವೆ ಮರೆತು ನಿಂತುಬಿಟ್ಟನು. ಮುಂದಿನ ವರ್ಷ ಅವನು ಮತ್ತೆ ಬಂದು ಕೇಳಿದನು. ಆ ವರ್ಷವೆಲ್ಲ ಅವನು ಶಾಲೆಯ ಹಿಂದಿನ ಮರದಡಿಯಲ್ಲಿ ಒಬ್ಬನೇ ನಿಂತು ಪಠಿಸುತ್ತಿದ್ದುದನ್ನು ನಾನು ಕಂಡಿದ್ದೆನು. ಆದರೂ 'ನೀನು ಒಮ್ಮೆ ಮಾನ ಕಳೆದಿದ್ದೀಯಪ್ಪ' ಎಂದು ಹೇಳಿ, ಅವನಿಗಿಂತ ಕಡಮೆಯವನಾದ ಬೇರೊಬ್ಬನನ್ನು ಕಳುಹಿಸಿದೆನು. ಆ ಹುಡುಗನು ತಲೆ ತಗ್ಗಿಸಿ ಹೊರಟುಹೋದನು, ಮತ್ತೆ ಕೇಳಲಿಲ್ಲ. ನಾನು ಕಾಪಾಡಿದುದು ಶಾಲೆಯ ಮಾನವನ್ನಲ್ಲ, ನನ್ನ ಮಾನವನ್ನು. ನಿರ್ಣಯಿಸುವವನಿಗೆ ಸ್ವಾರ್ಥವಿರಬಾರದೆಂದು ಮೇಲೆ ಬರೆದೆನಷ್ಟೆ. ಅದನ್ನು ನಾನು ಕಲಿತುದು ಜಟ್ಟಿಗಳ ಚರಿತ್ರೆಯಿಂದ ಮಾತ್ರವಲ್ಲ.

ತರುಣ ಮಿತ್ರರು ಕೇಳಿದ ತೀರ್ಪನ್ನು ಈಗ ಹೇಳುವೆನು. ಮೊದಲನೆಯ ಅವಕಾಶವು ಕೈಯ ಕೆಲಸವನ್ನು ನೋಡಿ ಸಲ್ಲಬೇಕು. ಕುಲ, ಬಣ್ಣ, ಹಣದ ಚೀಲ ಇವುಗಳನ್ನು ನೋಡಿ ಅಲ್ಲ. ಎರಡನೆಯ ಅವಕಾಶವು ಸೋತ ಮೇಲೆ ಅವನು ಮಾಡಿದ ದುಡಿಮೆಯನ್ನು ನೋಡಿ ಸಲ್ಲಬೇಕು. ಹಳೆಯ ಹೆಸರನ್ನೋ ಕರಾರಿನ ಕಾಗದವನ್ನೋ ನೋಡಿ ಅಲ್ಲ. ಇವೆರಡನ್ನೂ ನಿರ್ಣಯಿಸುವವನು ಸೋಲುಗೆಲುವುಗಳಲ್ಲಿ ಪಾಲಿಲ್ಲದವನಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವಕಾಶವೆಂಬುದು ಭಿಕ್ಷೆಯಲ್ಲ, ಋಣ. ಅದನ್ನು ತೀರಿಸುವುದಕ್ಕೆ ಹೊತ್ತು ಗೊತ್ತು ಉಂಟು. ಜಟ್ಟಿಯ ಯೌವನವು ಹತ್ತು ಹನ್ನೆರಡು ವರ್ಷಗಳದು. ಜ್ಯಾಕ್ಸನ್ನನಿಗೂ ಲ್ಯಾಂಗ್‌ಫರ್ಡನಿಗೂ ವಿಲ್ಸನಿಗೂ 'ಇಲ್ಲ' ಎಂದು ಖಂಡಿತವಾಗಿ ಹೇಳಿದವರಿಗಿಂತ 'ಇನ್ನೂ ಇಲ್ಲ' ಎಂದು ಹೇಳುತ್ತ ಬಂದವರೇ ಹೆಚ್ಚು. ಹಸ್ತಿನಾವತಿಯ ರಂಗಸ್ಥಳದಲ್ಲಿಯೂ ಕರ್ಣನನ್ನು ಯಾರೂ ಸೋಲಿಸಲಿಲ್ಲ. ಕುಲವನ್ನು ವಿಚಾರಿಸುತ್ತಿರುವಾಗಲೇ ಹೊತ್ತು ಮುಳುಗಿತು, ಅಷ್ಟೆ.